ಸೊಂಟನೋವಿನ ಮಾತ್ರೆ ತಪ್ಪಿದರೆ ಅಪ್ಪನಿಗೆ ಮೂಗು ಸೋರುತ್ತದೆ, ನಿದ್ದೆ ಬರುವುದಿಲ್ಲ. ಇದು ಚಟವಾ?

ತಿಪಟೂರಿನ ಮಗಳು:

ನಮ್ಮಪ್ಪ ಬಸ್ ಡ್ರೈವರ್ ಆಗಿದ್ದವರು. ರಿಟೈರ್ ಆಗುವ ಹೊತ್ತಿಗೆ ಸೊಂಟ ಹೋಗಿತ್ತು. ಡಿಸ್ಕ್ ತೊಂದರೆ ಅಂತ ಡಾಕ್ಟರು ಹೋದ ವರ್ಷ ಒಂದು ಮಾತ್ರೆ ಬರೆದುಕೊಟ್ಟರು. ಟ್ರಮಡಾಲ್ 37.5 ಮಿ.ಗ್ರಾಂ, ಪ್ಯಾರಸಿಟಮಾಲ್ 325 ಮಿ.ಗ್ರಾಂ ಇರುವುದು. ಹತ್ತು ದಿನಕ್ಕೆ ಅಂತ ಬರೆದ ಆ ಚೀಟಿ ಇವತ್ತಿಗೂ ಓಡುತ್ತಿದೆ. ಮಡಚಿ ಮಡಚಿ ನಡುವೆ ಹರಿದಿದೆ, ಅಪ್ಪ ಟೇಪ್ ಅಂಟಿಸಿಕೊಂಡಿದ್ದಾರೆ. ಅಂಗಡಿಯವರಿಗೆ ಮುಖಪರಿಚಯ, ಚೀಟಿ ಕೇಳುವುದೂ ಇಲ್ಲ.

ಮೊದಲು ಬೆಳಗ್ಗೆ ಒಂದು, ರಾತ್ರಿ ಒಂದು ಇತ್ತು. ಈಗ ಮೂರು ಹೊತ್ತೂ ಎರಡೆರಡು. ಸಾಲದಿದ್ದರೆ ಮಧ್ಯೆ ಇನ್ನೊಂದು. ಮೊನ್ನೆ ಅರಸೀಕೆರೆಗೆ ಮದುವೆಗೆ ಹೋದಾಗ ಮಾತ್ರೆ ಮನೆಯಲ್ಲೇ ಉಳಿದಿತ್ತು. ಮಾರನೇ ದಿನ ಮೂಗು ಸೋರುವುದು, ಮೇಲಿಂದ ಮೇಲೆ ಆಕಳಿಕೆ, ಭೇದಿ. ರಾತ್ರಿಯೆಲ್ಲ ಕಾಲು ಬಡಿದುಕೊಳ್ಳುತ್ತಲೇ ಇದ್ದರು. ಮದುವೆ ಊಟ ಹಿಡಿಸಲಿಲ್ಲ ಅಂದುಕೊಂಡೆವು. ಮನೆಗೆ ಬಂದು ಮಾತ್ರೆ ನುಂಗಿದರು ನೋಡಿ, ಸ್ವಲ್ಪ ಹೊತ್ತಿಗೆಲ್ಲ ಆರಾಮಾಗಿ ಎದ್ದು ಕಾಫಿ ಕೇಳಿದರು. ನನಗೆ ಹೆದರಿಕೆ ಶುರುವಾಗಿದ್ದೇ ಆಗ.

"ಎಲ್ಲ ಎತ್ತಿ ಬಿಸಾಕು, ಎರಡು ದಿನ ನರಳಿ ಸರಿಹೋಗ್ತಾರೆ" ಅನ್ನುತ್ತಾನೆ ಅಣ್ಣ. ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ. "ಜೀವಮಾನದಲ್ಲಿ ಒಂದು ಬೀಡಿ ಸೇದಿದವನಲ್ಲ, ನನ್ನನ್ನ ಕುಡುಕನ ಥರ ನೋಡ್ತೀರಾ" ಅಂತ ಸಿಟ್ಟು. ಏನು ಮಾಡಲಿ?

ಔಷಧಿ ಅಂಗಡಿ, ಶಿವಮೊಗ್ಗ:

ತಂಗೀ, ನಿಮ್ಮಣ್ಣನ ಮಾತು ಕೇಳಬೇಡಿ. ಇಷ್ಟು ದಿನ ತಗೊಂಡ ಟ್ರಮಡಾಲನ್ನು ಒಮ್ಮೆಲೇ ನಿಲ್ಲಿಸಬಾರದು. ಅದು ಅಫೀಮಿನ ಬಳಗದ ಔಷಧಿ, ಜೊತೆಗೆ ಖಿನ್ನತೆಯ ಮಾತ್ರೆಗಳ ಹಾಗೂ ಒಂದಿಷ್ಟು ಕೆಲಸ ಮಾಡುತ್ತದೆ. ಹಾಗಾಗಿ ತಟ್ಟನೆ ಬಿಟ್ಟರೆ ಮೈಕೈ ನೋವಿನ ಜೊತೆ ವಿಪರೀತ ಕಳವಳವೂ ಬರಬಹುದು. ಮದುವೆ ಮನೆಯಲ್ಲಿ ನೀವು ನೋಡಿದ ಮೂಗು ಸೋರುವುದು, ಆಕಳಿಕೆ, ಭೇದಿ ಎಲ್ಲ ಮಾತ್ರೆ ತಪ್ಪಿದ್ದಕ್ಕೇ.

ಇವತ್ತೇ ಒಂದು ವಿಷಯ ನೋಡಿ. ಅಪ್ಪ ನಿದ್ದೆ ಮಾತ್ರೆ ತಗೊಳ್ತಾರಾ? ಆಲ್ಪ್ರಜೋಲಾಮ್ ಅಂತ ಸ್ಟ್ರಿಪ್ ಮೇಲೆ ಇರುತ್ತದೆ. ಎರಡೂ ಸೇರಿದರೆ ನಿದ್ದೆಯಲ್ಲಿ ಉಸಿರು ಕಮ್ಮಿಯಾಗುವ ಅಪಾಯ ಇದೆ. ಖಿನ್ನತೆಯ ಮಾತ್ರೆ ಇದ್ದರೆ ಫಿಟ್ಸ್ ಬರಬಹುದು. ಮೈ ಬಿಸಿ ಅಂತ ಮೇಲಿಂದ ಡೋಲೋ 650 ನುಂಗುತ್ತಿದ್ದರೆ ಅದೂ ಪ್ಯಾರಸಿಟಮಾಲೇ, ಲಿವರ್‌ಗೆ ಹೊರೆ. ಇವೆಲ್ಲ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಆದರೆ ನೀವೇ ಯಾವುದನ್ನೂ ನಿಲ್ಲಿಸಬೇಡಿ.

ಇನ್ನು ನಮ್ಮ ಕಸುಬಿನವರ ಬಗ್ಗೆ. ಟ್ರಮಡಾಲ್ ಎಚ್1 ಪಟ್ಟಿಯಲ್ಲಿದೆ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿ. 2014ರಿಂದ ಜಾರಿಯಲ್ಲಿರುವ ನಿಯಮ. ಮಾರುವಾಗ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಅಂತ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. 2018ರ ಏಪ್ರಿಲ್‌ನಲ್ಲಿ ಎನ್‌ಡಿಪಿಎಸ್ ಅನ್ನುವ ಮಾದಕವಸ್ತು ತಡೆ ಕಾಯ್ದೆಗೂ ಸೇರಿಸಿದರು. ಟೇಪ್ ಅಂಟಿಸಿದ ಚೀಟಿಗೆ ಒಂದು ವರ್ಷ ಮಾತ್ರೆ ಕೊಟ್ಟವರು ಆ ರಿಜಿಸ್ಟರ್‌ನಲ್ಲಿ ಏನು ಬರೆದಿದ್ದಾರೋ!

ಕಾಯ್ದೆ ಬಿಗಿಯಾದ ಮೇಲೆ ನಮ್ಮ ಕೌಂಟರ್‌ಗೆ ಬರುವ ಹುಡುಗರು ಅದೇ ಬಳಗದ ಇನ್ನೊಂದು ನೋವಿನ ಮಾತ್ರೆ ಟಪೆಂಟಡಾಲ್ ಕೇಳತೊಡಗಿದರು. ಬೆನ್ನುನೋವು ಅಣ್ಣಾ ಅನ್ನುತ್ತಾರೆ, ಜೊತೆಗೆ ಸಿರಿಂಜ್ ಕೇಳುತ್ತಾರೆ. ನುಂಗುವ ಮಾತ್ರೆಗೆ ಸಿರಿಂಜ್ ಯಾಕಪ್ಪಾ ಅಂದರೆ ಉತ್ತರವಿಲ್ಲ. ಪುಡಿ ಮಾಡಿ ನರಕ್ಕೆ ಚುಚ್ಚಿಕೊಳ್ಳುತ್ತಾರೆ. ಮಾತ್ರೆಯಲ್ಲಿರುವ ಪುಡಿ ರಕ್ತದಲ್ಲಿ ಕರಗುವುದಿಲ್ಲ, ರಕ್ತನಾಳ ಕಟ್ಟಿಕೊಂಡು ಕೈ ಕೊಳೆಯುವ ತನಕ ಹೋಗುತ್ತದೆ. ಟಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆ ನಮ್ಮ ದೇಶದಿಂದ ಘಾನಾ, ನೈಜೀರಿಯಾಕ್ಕೆ ಹೋಗಿ ಬೀದಿಯಲ್ಲಿ ಬಿಕರಿಯಾಗುತ್ತಿತ್ತು. 2025ರ ಫೆಬ್ರುವರಿಯಲ್ಲಿ ಬಿಬಿಸಿ ಅದನ್ನು ತೋರಿಸಿದ ಮೇಲೆ ಕೇಂದ್ರ ಸರ್ಕಾರ ತಡೆಯಿತು. ಹೊರಗಿನವರು ಬಂದು ಕ್ಯಾಮೆರಾ ಹಿಡಿಯುವ ತನಕ ಕಾಯಬೇಕಿತ್ತಾ ಅನ್ನುವುದು ನನ್ನ ಸಿಟ್ಟು.

ನಿಮ್ಮಪ್ಪ ಆ ಹುಡುಗರ ಸಾಲಿನವರಲ್ಲ, ಅದೂ ಗೊತ್ತಿರಲಿ. ಮಾತ್ರೆಗಾಗಿ ಸುಳ್ಳು ಹೇಳ್ತಾರಾ? ಬಚ್ಚಿಡ್ತಾರಾ? ಬೇರೆ ಬೇರೆ ಅಂಗಡಿ ಸುತ್ತುತ್ತಾರಾ? ಇಲ್ಲ ಅಂದರೆ ಮೈ ಒಗ್ಗಿಕೊಂಡಿದೆ, ಅಷ್ಟೇ. ನಿಧಾನಕ್ಕೆ ಇಳಿಸಬಹುದು. ಹೌದು ಅಂದರೂ ಬೈಯುವ ವಿಷಯವಲ್ಲ, ಚಿಕಿತ್ಸೆ ಇದೆ.

ಒಹಾಯೋ ಕನ್ನಡಿಗ:

ಇಲ್ಲಿ ಅಮೆರಿಕದಲ್ಲಿ ನೋವಿನ ಮಾತ್ರೆಯ ಚಟ ಶುರುವಾಗಿದ್ದೂ ಹೀಗೇ, ಡಾಕ್ಟರ ಚೀಟಿಯಿಂದ. 1996ರಲ್ಲಿ ಬಂದ, ಇದೇ ಅಫೀಮಿನ ಬಳಗದ ಆಕ್ಸಿಕಾಂಟಿನ್ ಮಾತ್ರೆಗೆ ಜನ ಅಷ್ಟು ಸುಲಭಕ್ಕೆ ಅಂಟಿಕೊಳ್ಳುವುದಿಲ್ಲ ಅಂತ ಕಂಪನಿ ಪ್ರಚಾರ ಮಾಡಿತ್ತು. 2007ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಊರೂರೇ ಹಾಳಾಗಿದ್ದವು. ಚೀಟಿ ಬಿಗಿ ಮಾಡಿದಾಗ ಎಷ್ಟೋ ಜನ ಹೆರಾಯಿನ್‌ಗೆ ಹೋದರು, ಆಮೇಲೆ ಅದಕ್ಕಿಂತ ಜೋರಾದ ಫೆಂಟನಿಲ್ ಬಂತು. ಉಸಿರು ನಿಂತವರಿಗೆ ಮೂಗಿಗೆ ಬಿಡುವ ನಲಾಕ್ಸೋನ್ ಸ್ಪ್ರೇ ಈಗ ಇಲ್ಲಿ ಚೀಟಿ ಇಲ್ಲದೆಯೇ ಸಿಗುತ್ತದೆ. ನನ್ನ ಕೇಳಿದರೆ ಭಾರತದಲ್ಲಿ ಈ ಬಳಗದ ಔಷಧಿಗಳನ್ನೆಲ್ಲ ಪೂರ್ತಿ ನಿಲ್ಲಿಸಿಬಿಡಬೇಕು.

ನರ್ಸಕ್ಕ:

ಒಹಾಯೋದವರೇ, ದಯವಿಟ್ಟು ಹಾಗೆ ಹೇಳಬೇಡಿ. ನಾನು ಕ್ಯಾನ್ಸರ್ ರೋಗಿಗಳ ನೋವು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಕಾಟಕ್ಕೆ ಹೆದರಿ ಆಸ್ಪತ್ರೆಗಳು ಇದೇ ಬಳಗದ ನೋವಿನ ಔಷಧಿ ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದವು. ಜನ ಕಿರುಚಿ ಕಿರುಚಿ ಸತ್ತರು. 2014ರ ತಿದ್ದುಪಡಿ ಬಂದ ಮೇಲೆ ಸ್ವಲ್ಪ ಸಲೀಸಾಯಿತು. ಇವತ್ತಿಗೂ ವಾಟ್ಸಾಪ್‌ನಲ್ಲಿ ಅಮೆರಿಕದ ಕತೆ ಓದಿ "ನಮ್ಮಮ್ಮನಿಗೆ ಮಾರ್ಫಿನ್ ಬೇಡ" ಅನ್ನುವ ಮಕ್ಕಳು ಬರುತ್ತಾರೆ. ಅಮ್ಮ ಮಂಚದ ಕಂಬಿ ಹಿಡಿದು ಹಲ್ಲು ಕಚ್ಚಿಕೊಂಡಿರುತ್ತಾರೆ.

ತಿಪಟೂರಿನವರೇ, ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಬೆಂಗಳೂರಿಗೆ ಹೋಗುವುದಾದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಮೊದಲು ಫೋನಲ್ಲಿ ಮಾತಾಡಬೇಕು ಅಂದರೆ 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ತಿಪಟೂರಿನ ಮಗಳು:

ತುಮಕೂರಿಗೆ ಕರೆದುಕೊಂಡು ಹೋಗಿದ್ದೆ. ಮನೋವೈದ್ಯರು ಅಂದರೆ ಅಪ್ಪ ಬಸ್ ಹತ್ತುತ್ತಿರಲಿಲ್ಲ, ಸೊಂಟದ ಡಾಕ್ಟರು ಅಂದೆ. ಆ ಡಾಕ್ಟರು ಮಾತು ಶುರು ಮಾಡಿದ್ದೇ "ಯಾವ ಡಿಪೋ ನಿಮ್ಮದು" ಅಂತ. ಆಮೇಲೆ ಅಪ್ಪನೇ ಎಲ್ಲ ಹೇಳಿಕೊಂಡರು. ನಿದ್ದೆ ಮಾತ್ರೆಯೂ ಇತ್ತು, ನಮಗೇ ಗೊತ್ತಿರಲಿಲ್ಲ.

ಎರಡನ್ನೂ ಒಟ್ಟಿಗೆ ಇಳಿಸುವುದು ಬೇಡ ಅಂದಿದ್ದಾರೆ. ಮೊದಲು ಟ್ರಮಡಾಲ್, ಹದಿನೈದು ದಿನಕ್ಕೊಂದು ಮಾತ್ರೆ ಕಮ್ಮಿ. ಕಷ್ಟವಾದರೆ ಅಲ್ಲೇ ನಿಲ್ಲಿಸಿ ಕಾಯುವುದು. ಸ್ಟ್ರಿಪ್ ನನ್ನ ಹತ್ತಿರ ಇದೆ, ಹೊಸ ಚೀಟಿ ಪ್ರಕಾರ ಎಣಿಸಿ ಕೊಡುತ್ತೇನೆ. ಮೊದಲ ವಾರ ನಿದ್ದೆ ಸರಿ ಬರಲಿಲ್ಲ, ಈಗ ಪರವಾಗಿಲ್ಲ. ಅಣ್ಣನ ಜೊತೆ ಮಾತ್ರ ಇನ್ನೂ ಮಾತಿಲ್ಲ.

ಸೊಂಟದ ವ್ಯಾಯಾಮ ಕಲಿಸಲು ಫಿಸಿಯೋಥೆರಪಿಸ್ಟ್ ಬೇಕಂತೆ. ತಿಪಟೂರಲ್ಲಿ ಮನೆಗೆ ಬರುವವರು ಯಾರಾದರೂ ಗೊತ್ತಾ?