ಯೆಸ್ ಬಟನ್ ಮಂಕಾಗಿದೆ, ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಲೇ ಇಲ್ಲ (ವಿಂಡೋಸ್ 11 ಹೋಮ್)

ಹೊಸಕೀಲಿ:

ಎಲ್ಲರಿಗೂ ನಮಸ್ಕಾರ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದೇನೆ. ದಯವಿಟ್ಟು ಬಯ್ಯದೆ ಓದಿ.

ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ನಾನು, ಹೆಂಡತಿ, ಮಗ ಮೂವರೂ ಬಳಸುತ್ತೇವೆ. ಇಷ್ಟು ದಿನ ಎಲ್ಲರೂ ನನ್ನ ಖಾತೆಯಲ್ಲೇ ಕೂರುತ್ತಿದ್ದೆವು. ಅದು ಅಡ್ಮಿನ್ ಖಾತೆ, ಅಂದರೆ ಕಂಪ್ಯೂಟರ್ ಮೇಲೆ ಪೂರ್ತಿ ಅಧಿಕಾರ ಇರುವ ಖಾತೆ. ಮಗ ಸಿಕ್ಕಿದ್ದನ್ನೆಲ್ಲ ಇನ್‌ಸ್ಟಾಲ್ ಮಾಡುತ್ತಾನೆ ಅಂತ ಕಳೆದ ವಾರ "ಯಜಮಾನ" ಎಂಬ ಹೆಸರಲ್ಲಿ ಬೇರೆ ಅಡ್ಮಿನ್ ಖಾತೆ ಮಾಡಿದೆ. ನನ್ನ ಖಾತೆಯನ್ನು ಆ ಅಧಿಕಾರ ಇಲ್ಲದ ಸ್ಟ್ಯಾಂಡರ್ಡ್ ಖಾತೆಗೆ ಇಳಿಸಿದೆ. ಮಗನಿಗೂ ಒಂದು ಸ್ಟ್ಯಾಂಡರ್ಡ್ ಖಾತೆ ಕೊಟ್ಟೆ. ಎಲ್ಲ ಚೆನ್ನಾಗೇ ಇತ್ತು. ಏನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ಯಜಮಾನನ ಪಾಸ್‌ವರ್ಡ್ ಕೇಳುತ್ತಿತ್ತು, ಹಾಕುತ್ತಿದ್ದೆ.

ಆಮೇಲೆ ಅತಿಬುದ್ಧಿ ಓಡಿಸಿದೆ. ಲಾಗಿನ್ ಪರದೆಯಲ್ಲಿ ಆ ಖಾತೆ ಕಾಣಿಸುವುದೇ ಬೇಡ ಅನ್ನಿಸಿತು. ಎಲ್ಲೋ ಓದಿದ್ದ ಒಂದು ಕಮಾಂಡ್ ಹಾಕಿದೆ. ಖಾತೆ ಮಾಯವಾಯಿತು, ಖುಷಿಪಟ್ಟೆ. ಈಗ ಪ್ರಿಂಟರ್ ಡ್ರೈವರ್ ಹಾಕೋಣ ಅಂತ ಹೋದರೆ ಆ ಅನುಮತಿ ಕೇಳುವ ಕಿಟಕಿ ಬರುತ್ತದೆ, ಆದರೆ ಪಾಸ್‌ವರ್ಡ್ ಬರೆಯಲು ಜಾಗವೇ ಇಲ್ಲ. ಯೆಸ್ ಬಟನ್ ಮಂಕಾಗಿದೆ, ಒತ್ತಿದರೆ ಏನೂ ಆಗುವುದಿಲ್ಲ. ನೋ ಮಾತ್ರ ಕೆಲಸ ಮಾಡುತ್ತದೆ. ನನ್ನ ಖಾತೆಯನ್ನು ಮತ್ತೆ ಅಡ್ಮಿನ್ ಮಾಡಲು ಹೋದರೂ ಅದೇ ಕಿಟಕಿ, ಅದೇ ಮಂಕು ಬಟನ್. ಫೈಲ್‌ಗಳೆಲ್ಲ ತೆರೆಯುತ್ತಿವೆ, ಬ್ರೌಸರ್ ನಡೆಯುತ್ತಿದೆ. ಏನು ಮಾಡಲಿ?

ಬೆಕ್ಕಿನಮರಿ:

ಫಾರ್ಮ್ಯಾಟ್ ಮಾಡಿಬಿಡಿ. ಒಂದು ಗಂಟೆ ಕೆಲಸ.

ಹಳೇಮೌಸ್:

ಫಾರ್ಮ್ಯಾಟ್ ಬೇಡ. ಬೀಗದ ಕೈ ಕಳೆದಿದೆ ಅಂತ ಯಾರೂ ಮನೆ ಕೆಡವುವುದಿಲ್ಲ. ಹೊಸಕೀಲಿಯವರೇ, ಎರಡು ವಿಷಯ ಹೇಳಿ. ನೀವು ಹಾಕಿದ ಕಮಾಂಡ್‌ನ ಕೊನೆಯಲ್ಲಿ "ಆಕ್ಟಿವ್, ನೋ" ಅಂತ ಇತ್ತಾ? ನಿಮ್ಮ ಸ್ವಂತ ಖಾತೆ ಮೈಕ್ರೋಸಾಫ್ಟ್ ಈಮೇಲ್ ಖಾತೆಯಾ, ಬರೀ ಈ ಕಂಪ್ಯೂಟರ್‌ನಲ್ಲಿ ಮಾತ್ರ ಇರುವ ಲೋಕಲ್ ಖಾತೆಯಾ?

ಅಲ್ಲಿಯವರೆಗೆ "ಪಾಸ್‌ವರ್ಡ್ ತೆಗೆಯುವ ಸಾಫ್ಟ್‌ವೇರ್" ಅಂತ ಸಿಗುವ ಯಾವುದನ್ನೂ ಡೌನ್‌ಲೋಡ್ ಮಾಡಬೇಡಿ.

ಹೊಸಕೀಲಿ:

ಹೌದು, ಆಕ್ಟಿವ್ ನೋ ಅಂತಲೇ ಇತ್ತು. ನನ್ನ ಖಾತೆ ಮೈಕ್ರೋಸಾಫ್ಟ್ ಈಮೇಲ್‌ದು. ಯಜಮಾನ ಲೋಕಲ್.

ಹಳೇಮೌಸ್:

ಅಲ್ಲಿಗೆ ಗೊತ್ತಾಯಿತು. ಆ ಕಮಾಂಡ್ ಖಾತೆಯನ್ನು ಬಚ್ಚಿಡುವುದಿಲ್ಲ, ನಿಷ್ಕ್ರಿಯ ಮಾಡುತ್ತದೆ. ನೀವು ಯಜಮಾನನ ಪಾಸ್‌ವರ್ಡ್ ಹಾಕಿ, ಯಜಮಾನನ ಕೈಯಿಂದಲೇ ಯಜಮಾನನನ್ನು ಮನೆಯಿಂದ ಹೊರಗೆ ಹಾಕಿಸಿದ್ದೀರಿ. ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಅಡ್ಮಿನ್ ಖಾತೆಯನ್ನು ಇಳಿಸಲು ಹೋದರೆ ವಿಂಡೋಸ್ ತಡೆಯುತ್ತದೆ. ಕಮಾಂಡ್‌ನಲ್ಲಿ ಹಾಕಿದರೆ ಮರುಮಾತಾಡದೆ ಹೇಳಿದ್ದು ಮಾಡುತ್ತದೆ.

ಯೆಸ್ ಯಾಕೆ ಮಂಕಾಯಿತು ಅಂದರೆ, ಆ ಕಿಟಕಿ ನಿಮ್ಮ ಖಾತೆಯ ದರ್ಜೆ ನೋಡಿ ಎರಡು ತರಹ ಬರುತ್ತದೆ. ನೀವು ಅಡ್ಮಿನ್ ಆಗಿದ್ದರೆ ಬರೀ ಯೆಸ್, ನೋ ಕೇಳುತ್ತದೆ. ಸ್ಟ್ಯಾಂಡರ್ಡ್ ಆಗಿದ್ದರೆ ಕಂಪ್ಯೂಟರ್‌ನಲ್ಲಿರುವ ಅಡ್ಮಿನ್ ಖಾತೆಗಳ ಪಟ್ಟಿ ತೋರಿಸಿ ಅವುಗಳ ಪಾಸ್‌ವರ್ಡ್ ಅಥವಾ ಪಿನ್ ಕೇಳುತ್ತದೆ. ನಿಮ್ಮಲ್ಲಿ ಈಗ ಆ ಪಟ್ಟಿ ಖಾಲಿ. ಯಾರನ್ನು ಕೇಳಬೇಕು ಅಂತಲೇ ಅದಕ್ಕೆ ಗೊತ್ತಿಲ್ಲ.

ಇದಕ್ಕೆ ದಾರಿ ವಿಂಡೋಸ್‌ನಲ್ಲೇ ಇದೆ. ಪ್ರತಿ ವಿಂಡೋಸ್‌ನಲ್ಲೂ ಅಡ್ಮಿನಿಸ್ಟ್ರೇಟರ್ ಅನ್ನುವ ಹುಟ್ಟು ಖಾತೆ ಒಂದಿರುತ್ತದೆ, ಮಾಮೂಲಿಯಾಗಿ ನಿಷ್ಕ್ರಿಯವಾಗಿ. ಬೇರೆ ಯಾವ ಅಡ್ಮಿನ್ ಖಾತೆಯೂ ಜೀವಂತ ಇಲ್ಲದಿದ್ದರೆ, ಸೇಫ್ ಮೋಡ್‌ನಲ್ಲಿ (ಬರೀ ಅಗತ್ಯದ ಭಾಗಗಳೊಂದಿಗೆ ವಿಂಡೋಸ್ ಶುರುವಾಗುವ ಸ್ಥಿತಿ) ಮಾತ್ರ ಅದು ಒಳಗೆ ಬಿಡುತ್ತದೆ. ಇಂಥ ಅವಾಂತರಕ್ಕೇ ಇಟ್ಟಿರುವ ಹಿಂಬಾಗಿಲು ಅದು. ಆಫೀಸಿನ ಡೊಮೇನ್‌ಗೆ ಸೇರಿದ ಯಂತ್ರಗಳ ನಿಯಮ ಬೇರೆ. ಮನೆಯ ಕಂಪ್ಯೂಟರ್‌ಗೆ ಇದು ನಡೆಯುತ್ತದೆ.

ಲಾಗಿನ್ ಪರದೆಗೆ ಬನ್ನಿ. ಕೆಳಗಿನ ಪವರ್ ಗುರುತು ಒತ್ತಿ, ಶಿಫ್ಟ್ ಕೀ ಹಿಡಿದುಕೊಂಡೇ ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಕೊನೆಗೆ ರೀಸ್ಟಾರ್ಟ್. ಮತ್ತೆ ಶುರುವಾದಾಗ ಬರುವ ಪಟ್ಟಿಯಲ್ಲಿ 4 ಒತ್ತಿ. ಪರದೆಯ ಮೂಲೆಗಳಲ್ಲಿ ಸೇಫ್ ಮೋಡ್ ಅಂತ ಬರೆದಿರುತ್ತದೆ. ಲಾಗಿನ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಕಾಣಿಸಬೇಕು. ಅದಕ್ಕೆ ಸಾಮಾನ್ಯವಾಗಿ ಪಾಸ್‌ವರ್ಡ್ ಇರುವುದಿಲ್ಲ, ಸುಮ್ನೆ ಎಂಟರ್ ಒತ್ತಿ.

ಒಳಗೆ ಹೋದ ಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು, ಮೊದಲು ಹಾಕಿದ್ದ ಅದೇ ಕಮಾಂಡ್ ಮತ್ತೆ ಹಾಕಿ. ಕೊನೆಯ "ನೋ" ಜಾಗದಲ್ಲಿ "ಯೆಸ್" ಇರಲಿ, ಅಷ್ಟೇ. ರೀಸ್ಟಾರ್ಟ್ ಮಾಡಿದರೆ ಯಜಮಾನ ಮನೆಗೆ ವಾಪಸ್.

ಹೊಸಕೀಲಿ:

ಸರ್, ಹೆದರಿಕೆಯಾಗುತ್ತಿದೆ. ನೀವು ಹೇಳಿದ ಹಾಗೇ ಮಾಡಿದೆ. ಮಧ್ಯದಲ್ಲಿ ಬಿಟ್‌ಲಾಕರ್ ರಿಕವರಿ ಅಂತ ಬಂದು 48 ಅಂಕಿಯ ಕೀ ಕೇಳುತ್ತಿದೆ! ನಾನು ಬಿಟ್‌ಲಾಕರ್ ಹಾಕಿಯೇ ಇಲ್ಲ. ಫೋನ್‌ನಿಂದ ಬರೆಯುತ್ತಿದ್ದೇನೆ.

ಸರ್ಕ್ಯೂಟ್‌ಅಕ್ಕ:

ಹೆದರಬೇಡಿ, ಏನೂ ಹಾಳಾಗಿಲ್ಲ. ಬಿಟ್‌ಲಾಕರ್ ಅಂದರೆ ಡಿಸ್ಕ್‌ನಲ್ಲಿರುವುದಕ್ಕೆಲ್ಲ ಹಾಕುವ ಬೀಗ. ಹೋಮ್ ಆವೃತ್ತಿಯಲ್ಲೂ ಅದರದೇ ರೂಪ ಡಿವೈಸ್ ಎನ್‌ಕ್ರಿಪ್ಷನ್ ಅಂತ ಇರುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟಪ್ ಮಾಡಿದ ಎಷ್ಟೋ ಯಂತ್ರಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ, ಕೀ ಕೂಡ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಮಾಮೂಲಿ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬೂಟ್ ಆದಾಗ "ಇದು ನಿಜವಾಗಿಯೂ ನೀವೇನಾ" ಅಂತ ಕೇಳುತ್ತಿದೆ, ಅಷ್ಟೇ.

ಫೋನ್‌ನ ಬ್ರೌಸರ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ. ಡಿವೈಸಸ್ ವಿಭಾಗದಲ್ಲಿ ಈ ಕಂಪ್ಯೂಟರ್ ಹುಡುಕಿ, ರಿಕವರಿ ಕೀ ನೋಡಿ. ಒಂದಕ್ಕಿಂತ ಜಾಸ್ತಿ ಕೀ ಇದ್ದರೆ ಗಲಿಬಿಲಿ ಬೇಡ. ನೀಲಿ ಪರದೆಯಲ್ಲಿ ಕೀ ಐಡಿ ಅಂತ ಇರುತ್ತದೆ, ಅದರ ಮೊದಲ 8 ಅಕ್ಷರ ಹೋಲಿಸಿ ನೋಡಿ. ಹೊಂದುವ ಕೀಯನ್ನೇ ಟೈಪ್ ಮಾಡಿ. ಒಬ್ಬರು ಓದಿ ಹೇಳಿ, ಇನ್ನೊಬ್ಬರು ಟೈಪ್ ಮಾಡಿದರೆ ಬೇಗ ಮುಗಿಯುತ್ತದೆ. ಮುಗಿದ ಮೇಲೆ ಆ ಕೀಯನ್ನು ಒಂದು ಕಾಗದದಲ್ಲೂ ಬರೆದಿಡಿ.

ಹಳೇಮೌಸ್:

ಧನ್ಯವಾದ ಅಕ್ಕಾ. ಇದನ್ನು ನಾನೇ ಮೊದಲು ಹೇಳಬೇಕಿತ್ತು, ಮರೆತೆ. ನನ್ನದೇ ತಪ್ಪು. ಸೇಫ್ ಮೋಡ್‌ಗೆ ಹೋಗುವ ಮೊದಲು ಕೀ ಕೈಯಲ್ಲಿರಬೇಕು.

ಪೆಂಗ್ವಿನ್‌ಬಾಲ:

ನಗು ಬಂತು, ಯಾಕೆಂದರೆ ಲಿನಕ್ಸ್‌ನಲ್ಲಿ ನಾನೂ ಇದೇ ಮಾಡಿದ್ದೆ. ಉಬುಂಟುವಿನಲ್ಲಿ ನನ್ನನ್ನು ಹೊಸ ಗುಂಪಿಗೆ ಸೇರಿಸಲು ಯೂಸರ್‌ಮಾಡ್ ಕಮಾಂಡ್ ಹಾಕಿದೆ. ದೊಡ್ಡ "ಜಿ" ಹಾಕಿದೆ, ಅದರ ಜೊತೆ ಸಣ್ಣ "ಎ" ಹಾಕುವುದು ಮರೆತೆ. "ಎ" ಇದ್ದರೆ ಇರುವ ಗುಂಪುಗಳಿಗೆ ಇನ್ನೊಂದು ಸೇರುತ್ತದೆ. ಇಲ್ಲದಿದ್ದರೆ ಉಳಿದ ಎಲ್ಲ ಗುಂಪಿನಿಂದ ಕಿತ್ತು ಹೊಸದರಲ್ಲಿ ಮಾತ್ರ ಇಡುತ್ತದೆ. ಅಡ್ಮಿನ್ ಅಧಿಕಾರ ಕೊಡುವ ಸುಡೋ ಗುಂಪಿನಿಂದಲೂ ಹೊರಗೆ! ಪೂರ್ತಿ ಅಧಿಕಾರದ ರೂಟ್ ಖಾತೆಗೆ ಉಬುಂಟುವಿನಲ್ಲಿ ಮೊದಲೇ ಬೀಗ. ಕೊನೆಗೆ ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನ ರಿಕವರಿ ಮೋಡ್‌ನಿಂದ ರೂಟ್ ಶೆಲ್‌ಗೆ ಹೋಗಿ ಮತ್ತೆ ಸೇರಿಕೊಂಡೆ. ಒಂದು ಅಕ್ಷರಕ್ಕೆ ಅರ್ಧ ದಿನ ಹೋಯಿತು.

ಹೊಸಕೀಲಿ:

ಆಯ್ತು!! ಹೆಂಡತಿ ಓದಿದಳು, ನಾನು ಟೈಪ್ ಮಾಡಿದೆ. ಸೇಫ್ ಮೋಡ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಕಾಣಿಸಿತು, ಪಾಸ್‌ವರ್ಡ್ ಕೇಳಲಿಲ್ಲ. ಕಮಾಂಡ್ ಹಾಕಿ ರೀಸ್ಟಾರ್ಟ್ ಮಾಡಿದರೆ ಯಜಮಾನ ಹಾಜರ್. ಪ್ರಿಂಟರ್ ಡ್ರೈವರ್ ಕೂಡ ಕೂತಿತು. ತುಂಬಾ ತುಂಬಾ ಥ್ಯಾಂಕ್ಸ್.

ಆ ಅಡ್ಮಿನಿಸ್ಟ್ರೇಟರ್ ಖಾತೆಯನ್ನೇ ಇನ್ನು ಮುಂದೆ ಬಳಸಬಹುದಾ? ಅದರಲ್ಲಿ ಕಿಟಕಿಗಳ ಕಾಟವೇ ಇರಲಿಲ್ಲ.

ಹಳೇಮೌಸ್:

ಕಾಟ ಇರಲಿಲ್ಲ ಅನ್ನುವುದೇ ಬೇಡ ಅನ್ನಲು ಕಾರಣ. ಮಾಮೂಲಿ ಅಡ್ಮಿನ್ ಖಾತೆಯಲ್ಲಿ ಲಾಗಿನ್ ಆದಾಗ ವಿಂಡೋಸ್ ನಿಮಗೆ ಎರಡು ಗುರುತುಚೀಟಿ ಮಾಡಿಡುತ್ತದೆ. ಒಂದು ಸಾಧಾರಣ, ಒಂದು ಪೂರ್ತಿ ಅಧಿಕಾರದ್ದು. ದಿನದ ಕೆಲಸವೆಲ್ಲ ಸಾಧಾರಣ ಚೀಟಿಯಲ್ಲೇ ನಡೆಯುತ್ತದೆ. ಯೆಸ್ ಒತ್ತಿದಾಗ ಮಾತ್ರ, ಆ ಒಂದು ಪ್ರೋಗ್ರಾಂಗೆ ಮಾತ್ರ, ದೊಡ್ಡ ಚೀಟಿ ಹೊರಗೆ ಬರುತ್ತದೆ. ಹುಟ್ಟು ಅಡ್ಮಿನಿಸ್ಟ್ರೇಟರ್ ಖಾತೆಗೆ ಈ ವ್ಯವಸ್ಥೆ ಮಾಮೂಲಿಯಾಗಿ ಇರುವುದಿಲ್ಲ. ಅಲ್ಲಿ ತೆರೆದ ಪ್ರತಿ ಪ್ರೋಗ್ರಾಂ ಪೂರ್ತಿ ಅಧಿಕಾರದಲ್ಲಿ ಓಡುತ್ತದೆ, ವೈರಸ್ ಕೂಡ.

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆಮನೆಯಲ್ಲೂ ಇದೇ ಕಥೆ ಇತ್ತು. ಸೆಟಪ್‌ನಲ್ಲಿ ಮಾಡಿದ ಖಾತೆಗಳೆಲ್ಲ ಅಡ್ಮಿನ್ ಆಗಿಬಿಡುತ್ತಿದ್ದವು. 2007ರಲ್ಲಿ ವಿಸ್ಟಾ ಬಂದಾಗ ಈ ಅನುಮತಿ ಕೇಳುವ ಕಿಟಕಿ ಬಂತು, ಜನ ಸಿಕ್ಕಾಪಟ್ಟೆ ಬೈದರು. ನಾನೂ ಬೈದಿದ್ದೆ. ಈಗ ಅದು ಇಲ್ಲದ ಯಂತ್ರದ ಮುಂದೆ ಕೂತರೆ ಮುಳ್ಳಿನ ಮೇಲೆ ಕೂತ ಹಾಗಾಗುತ್ತದೆ.

ಬೆಕ್ಕಿನಮರಿ:

ಖಾತೆಯನ್ನು ಲಾಗಿನ್ ಪರದೆಯಿಂದ ಬಚ್ಚಿಡಲು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಒಂದು ದಾರಿ ಇದೆಯಲ್ಲ? ಸ್ಪೆಷಲ್ ಅಕೌಂಟ್ಸ್ ಅಂತ. ಅದನ್ನು ಮಾಡಬಹುದಲ್ವಾ?

ಹಳೇಮೌಸ್:

ಮಾಡಬಾರದು! ಹೊಸಕೀಲಿಯವರೇ, ಇದನ್ನು ಓದಿ ಕೈ ಹಾಕಬೇಡಿ. ಹಾಗೆ ಬಚ್ಚಿಟ್ಟ ಖಾತೆ ಅನುಮತಿ ಕಿಟಕಿಯ ಪಟ್ಟಿಯಿಂದಲೂ ಮರೆಯಾಗುತ್ತದೆ. ಇರುವುದು ಅದೊಂದೇ ಅಡ್ಮಿನ್ ಆದರೆ ಮತ್ತೆ ಮಂಕು ಬಟನ್ನೇ ಗತಿ. ಈ ಸಲ ಇನ್ನೂ ಕಷ್ಟ, ಯಾಕೆಂದರೆ ಖಾತೆ ಜೀವಂತ ಇರುತ್ತದೆ. ಹಾಗಾಗಿ ಸೇಫ್ ಮೋಡ್‌ನ ಹಿಂಬಾಗಿಲು ತೆರೆಯುವುದಿಲ್ಲ.

ಲಾಗಿನ್ ಪರದೆಯಲ್ಲಿ ಹೆಸರು ಕಂಡರೆ ಕಾಣಲಿ ಬಿಡಿ. ಪಾಸ್‌ವರ್ಡ್ ಗಟ್ಟಿ ಇದ್ದರೆ ಸಾಕು.

ಧೂಳುಡಿಸ್ಕ್:

ನನ್ನದೂ ಹೆಚ್ಚುಕಮ್ಮಿ ಇದೇ ಸಮಸ್ಯೆ, ಇಲ್ಲೇ ಕೇಳುತ್ತೇನೆ. ಸತ್ತುಹೋದ ಹಳೇ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ತೆಗೆದು ಹೊಸದಕ್ಕೆ ಸಿಕ್ಕಿಸಿದೆ. ನಾನು ಅಡ್ಮಿನ್ನೇ. ಆದರೂ ನನ್ನ ಫೋಟೋ ಫೋಲ್ಡರ್‌ಗೆ ನನಗೇ ಪ್ರವೇಶ ಇಲ್ಲವಂತೆ. ಮಾಲೀಕರ ಜಾಗದಲ್ಲಿ ಎಸ್-1-5-21 ಅಂತ ಶುರುವಾಗುವ ಉದ್ದನೆಯ ಸಂಖ್ಯೆ ಇದೆ.

ಸರ್ಕ್ಯೂಟ್‌ಅಕ್ಕ:

ಇದು ಬೇರೆ ಸಮಸ್ಯೆ, ಆದರೂ ಹೇಳುತ್ತೇನೆ. ವಿಂಡೋಸ್ ಜನರನ್ನು ಗುರುತಿಸುವುದು ಹೆಸರಿನಿಂದ ಅಲ್ಲ, ಆ ಸಂಖ್ಯೆಯಿಂದ. ಹಳೇ ಯಂತ್ರದ "ನೀವು" ಮತ್ತು ಹೊಸ ಯಂತ್ರದ "ನೀವು", ಹೆಸರು ಒಂದೇ ಆದರೂ ಸಂಖ್ಯೆ ಬೇರೆ. ಹೊಸ ವಿಂಡೋಸ್‌ಗೆ ಆ ಹಳೇ ಮಾಲೀಕ ಯಾರು ಅಂತಲೇ ಗೊತ್ತಿಲ್ಲ. ಅದಕ್ಕೇ ಹೆಸರಿನ ಬದಲು ಸಂಖ್ಯೆ ತೋರಿಸುತ್ತಿದೆ.

ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್. ಮೇಲೆ ಓನರ್ ಪಕ್ಕದ ಚೇಂಜ್ ಒತ್ತಿ ನಿಮ್ಮ ಹೆಸರು ಹಾಕಿ. ಒಳಗಿನ ಫೋಲ್ಡರ್, ಫೈಲ್‌ಗಳ ಮಾಲೀಕರನ್ನೂ ಬದಲಿಸುವ ಚೌಕಕ್ಕೆ ಟಿಕ್ ಹಾಕಿ. ಓಕೆ ಕೊಟ್ಟು, ಕಿಟಕಿ ಮುಚ್ಚಿ ಮತ್ತೆ ತೆರೆದು, ನಿಮ್ಮ ಹೆಸರಿಗೆ ಫುಲ್ ಕಂಟ್ರೋಲ್ ಕೊಡಿ. ಫೈಲ್ ಜಾಸ್ತಿ ಇದ್ದರೆ ಹೊತ್ತಾಗುತ್ತದೆ. ಫೋಟೋ ಫೋಲ್ಡರ್‌ಗೆ ಮಾತ್ರ ಮಾಡಿ. ನೀವು ಬೂಟ್ ಆಗುವ ಸಿ ಡ್ರೈವ್‌ಗೋ ವಿಂಡೋಸ್ ಫೋಲ್ಡರ್‌ಗೋ ಇದನ್ನು ಮಾಡಿದರೆ ಅಪ್‌ಡೇಟ್‌ಗಳೇ ಕೆಟ್ಟು ಕೂರಬಹುದು. ಅಲ್ಲಿನ ಎಷ್ಟೋ ಫೈಲ್‌ಗಳ ಮಾಲೀಕ ವಿಂಡೋಸ್‌ನದೇ ಸೇವೆಯಾದ ಟ್ರಸ್ಟೆಡ್ ಇನ್‌ಸ್ಟಾಲರ್, ಅಡ್ಮಿನ್ ಕೂಡ ಅಲ್ಲ.

ಧೂಳುಡಿಸ್ಕ್:

ಫೋಟೋ ಎಲ್ಲ ಸಿಕ್ಕಿತು ಅಕ್ಕಾ. 20 ನಿಮಿಷ ಹಿಡಿಯಿತು.

ಹೊಸಕೀಲಿ:

ಇನ್ನೊಂದೇ ಪ್ರಶ್ನೆ. ಮಗನ ಗೇಮ್ ಒಂದು ದಿನಾ ಅಪ್‌ಡೇಟ್ ಆಗುತ್ತದೆ, ಪ್ರತಿ ಸಲ ಯಜಮಾನನ ಪಾಸ್‌ವರ್ಡ್ ಕೇಳುತ್ತದೆ. ದಿನಾ ಎದ್ದು ಹೋಗಿ ಟೈಪ್ ಮಾಡಿ ಸಾಕಾಗಿದೆ. ಅವನ ಖಾತೆಯನ್ನೇ ಅಡ್ಮಿನ್ ಮಾಡಿಬಿಡಲಾ?

ಹಳೇಮೌಸ್:

ಅಷ್ಟಕ್ಕೆ ಮನೆಯ ಬೀಗದ ಕೈಗೊಂಚಲೇ ಕೊಡಬೇಡಿ. ಗೇಮ್ ಪ್ರೋಗ್ರಾಂ ಫೈಲ್ಸ್ ಅನ್ನುವ ಫೋಲ್ಡರ್ ಒಳಗೆ ಕೂತಿರಬೇಕು. ಅಲ್ಲಿರುವುದನ್ನು ಸ್ಟ್ಯಾಂಡರ್ಡ್ ಖಾತೆ ಓದಬಹುದು, ಓಡಿಸಬಹುದು, ಬರೆಯುವ ಹಾಗಿಲ್ಲ. ಅಪ್‌ಡೇಟ್ ಅಂದರೆ ಬರೆಯುವುದೇ ತಾನೇ.

ಗೇಮ್ ತೆಗೆದು, ಡಿ ಡ್ರೈವ್ ಇದ್ದರೆ ಅಲ್ಲಿ ಹೊಸ ಫೋಲ್ಡರ್ ಮಾಡಿ ಅದರೊಳಗೆ ಇನ್‌ಸ್ಟಾಲ್ ಮಾಡಿ. ಅಂಥ ಕಡೆ ಮಾಮೂಲಿ ಖಾತೆಗಳೂ ಬರೆಯಬಹುದು. ಪ್ರೋಗ್ರಾಂ ಫೈಲ್ಸ್ ಒಳಗೇ ಇಟ್ಟುಕೊಂಡು ಆ ಫೋಲ್ಡರ್‌ಗೆ ಅನುಮತಿ ಕೊಡುವವರೂ ಇದ್ದಾರೆ. ನನಗೆ ಅದು ಇಷ್ಟವಿಲ್ಲ. ನಾಳೆ ಅಲ್ಲಿರುವ ಫೈಲನ್ನು ಯಾರೋ ಬದಲಿಸಿ, ನೀವು ಅದನ್ನು ಅಡ್ಮಿನ್ ಆಗಿ ಓಡಿಸಿದರೆ ಆಟ ಮುಗಿಯಿತು. ಕೆಲವು ಗೇಮ್‌ಗಳ ಅಪ್‌ಡೇಟರ್ ಎಲ್ಲಿದ್ದರೂ ಅಡ್ಮಿನ್ ಬೇಕು ಅಂತ ಹಟ ಹಿಡಿಯುತ್ತದೆ. ಹಾಗಾದರೆ ಫೋಲ್ಡರ್ ಬದಲಿಸಿಯೂ ಪ್ರಯೋಜನವಿಲ್ಲ.

ಹೊಸಕೀಲಿ:

ಡಿ ಡ್ರೈವ್‌ಗೆ ಹಾಕಿದೆ. ಎರಡು ದಿನದಿಂದ ಪಾಸ್‌ವರ್ಡ್ ಕೇಳಿಲ್ಲ. ಆದರೆ ಮಗ ಈಗ ಲಾಗಿನ್ ಪರದೆಯಲ್ಲಿ ಯಜಮಾನನ ಪಾಸ್‌ವರ್ಡ್ ಊಹಿಸುತ್ತಾ ಕೂತಿರುತ್ತಾನೆ. ಸ್ವಲ್ಪ ಹೊತ್ತಿಗೆ ಖಾತೆ ಲಾಕ್ ಆಗಿದೆ ಅಂತ ಬಂತು. ಮತ್ತೆ ಏನಾದರೂ ಕೆಟ್ಟಿತಾ?

ಹಳೇಮೌಸ್:

ಇಲ್ಲ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ 10 ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ 10 ನಿಮಿಷ ಬೀಗ ಬೀಳುತ್ತದೆ. ತಾನಾಗಿ ತೆರೆಯುತ್ತದೆ. ಪಾಸ್‌ವರ್ಡ್ ಕೂಡ "ಯಜಮಾನ" ಅಂತಲೇ ಇಟ್ಟಿಲ್ಲ ತಾನೇ?

ಹೊಸಕೀಲಿ:

ಈಗ ಬದಲಾಯಿಸಿದೆ.