ಟ್ಯಾಂಕ್ ತುಂಬಿದರೂ ಮೋಟಾರ್ ನಿಲ್ಲುತ್ತಿಲ್ಲ: ತಪ್ಪು ಟ್ರಾನ್ಸಿಸ್ಟರಿನದೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆಯ ನೀರಿನ ಮೋಟಾರಿನ ಆಟೋಮ್ಯಾಟಿಕ್ ಕಂಟ್ರೋಲರ್ ಕೈಕೊಟ್ಟಿದೆ. ಟ್ಯಾಂಕ್ ತುಂಬಿ ಹರಿದರೂ ಮೋಟಾರ್ ನಿಲ್ಲುವುದಿಲ್ಲ. ಫ್ಲೋಟ್ ಸ್ವಿಚ್ಚಿನ ವೈರ್ ಕಳಚಿದರೆ ಮೊದಲು ನಿಲ್ಲುತ್ತಿತ್ತು, ಈಗ ಅದಕ್ಕೂ ಜಗ್ಗುತ್ತಿಲ್ಲ. ಬೋರ್ಡಿನಲ್ಲಿ ಮೋಟಾರನ್ನು ಆನ್, ಆಫ್ ಮಾಡುವ ವಿದ್ಯುತ್ ಸ್ವಿಚ್ಚಾದ 12 ವೋಲ್ಟ್ ರಿಲೇ, ಅದನ್ನು ನಡೆಸಲು ಒಂದು ಬಿ.ಸಿ. 547 ಟ್ರಾನ್ಸಿಸ್ಟರ್ ಇದೆ. ಅದನ್ನೇ ಬದಲಿಸಿಬಿಡಲೇ? ಕೈಯಲ್ಲಿ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದೆ.

ಉತ್ತರ: ಸದ್ಯ ಸೋಲ್ಡರಿಂಗ್ ಐರನ್ ಬಿಸಿ ಮಾಡಬೇಡಿ. ರಿಲೇಯ ಕಾಂಟ್ಯಾಕ್ಟ್ (ಒಳಗೆ ಕೂಡಿ ಬಿಡುವ ಲೋಹದ ತುದಿಗಳು) ಕರಗಿ ಅಂಟಿಕೊಂಡಿದ್ದರೂ ನೀವು ಹೇಳಿದ್ದೇ ಲಕ್ಷಣ ಕಾಣುತ್ತದೆ. ಪಂಪಿನ ಮೋಟಾರು ಶುರುವಾಗುವಾಗ ಎಳೆಯುವ ಕರೆಂಟಿಗೆ ಇದು ಆಗಾಗ ಆಗುವುದೇ.

ಮೊದಲು 230 ವೋಲ್ಟ್ ಸಂಪರ್ಕವನ್ನು ಪೂರ್ತಿ ತೆಗೆಯಿರಿ, ಮೋಟಾರಿನ ವೈರನ್ನೂ ಬಿಡಿಸಿ. ಕೆಲವು ಅಗ್ಗದ ಬೋರ್ಡ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ, ಕೆಪಾಸಿಟರ್ ಮೂಲಕ ವೋಲ್ಟೇಜ್ ಇಳಿಸಿರುತ್ತಾರೆ. ಅಂಥವುಗಳಲ್ಲಿ ಬೋರ್ಡಿನ ಯಾವ ಮೂಲೆ ಮುಟ್ಟಿದರೂ ಶಾಕ್. ಆದ್ದರಿಂದ 12 ವೋಲ್ಟಿನ ರೂಟರ್ ಅಡಾಪ್ಟರ್ ಒಂದನ್ನು ತಂದು, ಫಿಲ್ಟರ್ ಕೆಪಾಸಿಟರಿನ (ಬೋರ್ಡಿನ ಡಿ.ಸಿ. ಸಪ್ಲೈಯನ್ನು ಸಮಗೊಳಿಸುವುದು) ಎರಡು ಕಾಲುಗಳಿಗೆ ಪ್ಲಸ್, ಮೈನಸ್ ನೋಡಿಕೊಂಡು ಸಪ್ಲೈ ಕೊಡಿ. ಫ್ಲೋಟ್ ವೈರ್ ಕಳಚಿಯೇ ಇರಲಿ. ಟ್ರಾನ್ಸಿಸ್ಟರಿಗೆ ಎಮಿಟರ್, ಬೇಸ್, ಕಲೆಕ್ಟರ್ ಎಂದು ಮೂರು ಕಾಲು; ಬೇಸಿಗೆ ಬರುವ ಸಣ್ಣ ಕರೆಂಟ್ ಉಳಿದೆರಡರ ನಡುವಿನ ದಾರಿ ತೆರೆದು ರಿಲೇಯನ್ನು ಆನ್ ಮಾಡುತ್ತದೆ. ಕಪ್ಪು ಪ್ರೋಬನ್ನು ಎಮಿಟರಿಗೆ ಹಿಡಿದು ಬೇಸಿನ ವೋಲ್ಟೇಜನ್ನೂ ಕಲೆಕ್ಟರಿನ ವೋಲ್ಟೇಜನ್ನೂ ಅಳೆಯಿರಿ.

ಕಲೆಕ್ಟರಿನಲ್ಲಿ ಸುಮಾರು 12 ವೋಲ್ಟ್ ಬಂದರೆ ಟ್ರಾನ್ಸಿಸ್ಟರ್ ನಿರಪರಾಧಿ. ಆಗ ಸಪ್ಲೈ ತೆಗೆದು ರಿಲೇ ಕಾಂಟ್ಯಾಕ್ಟಿಗೆ ಬೀಪ್ ಪರೀಕ್ಷೆ ಮಾಡಿ; ಮೋಟಾರಿನ ದಾರಿಯ ಕಾಂಟ್ಯಾಕ್ಟಿನಲ್ಲಿ ಮೀಟರ್ ಬೀಪ್ ಎಂದರೆ ಅದು ಅಂಟಿಕೊಂಡಿದೆ. ಬೇಸಿನಲ್ಲಿ 0.7 ವೋಲ್ಟಿನ ಆಸುಪಾಸು ಇದ್ದು ಕಲೆಕ್ಟರಿನಲ್ಲಿ 0.2ಕ್ಕಿಂತ ಕಡಿಮೆ ಇದ್ದರೆ, ಬೇಸಿಗೆ ಆಜ್ಞೆ ಕೊಡುವ ಹಿಂದಿನ ಸರ್ಕ್ಯೂಟ್ ಹೇಳಿದ್ದನ್ನು ಅದು ಮಾಡುತ್ತಿದೆ ಅಷ್ಟೇ. ದೋಷ ಹಿಂದೆ ಇದೆ. ಬೇಸಿನಲ್ಲಿ ಸೊನ್ನೆ, ಕಲೆಕ್ಟರಿನಲ್ಲೂ ಸೊನ್ನೆ ಎಂದಾದರೆ ಮಾತ್ರ ಟ್ರಾನ್ಸಿಸ್ಟರನ್ನು ಹಿಡಿಯಿರಿ.

ಪ್ರಶ್ನೆ: ಸರ್, ಬೇಸಿನಲ್ಲಿ 0, ಕಲೆಕ್ಟರಿನಲ್ಲಿ 0.04 ತೋರಿಸಿತು. ಸಪ್ಲೈ ಕೊಟ್ಟ ಕೂಡಲೇ ರಿಲೇ ಟಿಕ್ ಎನ್ನುತ್ತದೆ.

ಉತ್ತರ: ಈಗ ಟ್ರಾನ್ಸಿಸ್ಟರನ್ನು ಕಳಚಿ. ಬೋರ್ಡಿನಲ್ಲೇ ಇಟ್ಟು ಮೀಟರಿನ ಡಯೋಡ್ ಮೋಡಿನಲ್ಲಿ (ಡಯೋಡ್ ಎಂದರೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ) ನೋಡಿದರೆ ರಿಲೇ ಕಾಯಿಲ್, ಅಕ್ಕಪಕ್ಕದ ರೆಸಿಸ್ಟರ್‌ಗಳು ಎಲ್ಲವೂ ಸೇರಿ ರೀಡಿಂಗ್ ಕೆಡಿಸುತ್ತವೆ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಕೆಂಪು ಪ್ರೋಬ್ ಬೇಸಿನಲ್ಲಿಟ್ಟು ಕಪ್ಪನ್ನು ಉಳಿದ ಎರಡಕ್ಕೂ ಮುಟ್ಟಿಸಿ. ಒಳ್ಳೆಯದಾದರೆ ಎರಡೂ ಕಡೆ 0.6ರಿಂದ 0.7, ಎಮಿಟರ್ ಕಡೆಯದು ಕೂದಲೆಳೆಯಷ್ಟು ಹೆಚ್ಚು. ಪ್ರೋಬ್ ಅದಲುಬದಲು ಮಾಡಿದರೆ ಏನೂ ತೋರಿಸಬಾರದು. ಕಲೆಕ್ಟರ್ ಮತ್ತು ಎಮಿಟರ್ ನಡುವೆ ಎತ್ತ ಹಿಡಿದರೂ ಏನೂ ಬರಬಾರದು.

ಪ್ರಶ್ನೆ: ಕಲೆಕ್ಟರ್ ಎಮಿಟರ್ ನಡುವೆ ಎರಡೂ ಕಡೆ ಬೀಪ್! ಅಂಗಡಿಯಲ್ಲಿ 547 ಇಲ್ಲವೆಂದು ಸಿ 1815 ಕೊಟ್ಟರು.

ಉತ್ತರ: ಅದು ನಡೆಯುತ್ತದೆ, ಆದರೆ ಕಾಲುಗಳ ಕ್ರಮ ಬೇರೆ. 1815ರಲ್ಲಿ ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ಹಳೆಯದರ ತೂತಿಗೆ ನೇರವಾಗಿ ಸಿಕ್ಕಿಸಿದರೆ ಕೆಲಸ ಮಾಡದು. ಕಾಲುಗಳಿಗೆ ಸ್ಲೀವ್ ಹಾಕಿ, ಬಗ್ಗಿಸಿ ಕೂರಿಸಿ.

ಹೊಸದನ್ನು ಹಾಕುವ ಮೊದಲು ಹಳೆಯದು ಏಕೆ ಸತ್ತಿತು ಎಂದು ನೋಡಿ. ರಿಲೇ ಕಾಯಿಲಿನ ಅಡ್ಡಕ್ಕೆ 1ಎನ್4007 ಡಯೋಡ್ ಇರಬೇಕು. ಕಾಯಿಲ್ ಆಫ್ ಆಗುವ ಕ್ಷಣದಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜನ್ನು ನುಂಗುವುದೇ ಅದರ ಕೆಲಸ. ಡಯೋಡಿನ ಸಂಪರ್ಕ ಕಡಿದು ಓಪನ್ ಆಗಿದ್ದರೆ ಆ ಏಟು ಟ್ರಾನ್ಸಿಸ್ಟರಿಗೆ ಬೀಳುತ್ತದೆ. 547 ತಡೆಯುವುದು 45 ವೋಲ್ಟ್ ಮಾತ್ರ. ಡಯೋಡಿನ ಕಾಲಿನ ಬುಡದಲ್ಲಿ ಬೆಸುಗೆ ಉಂಗುರದಂತೆ ಸೀಳಿದೆಯೇ, ಬೆಳಕಿಗೆ ಹಿಡಿದು ನೋಡಿ.

ಪ್ರಶ್ನೆ: ಸೀಳಿದೆ ಸರ್! ಬೆರಳಿನಲ್ಲಿ ಒತ್ತಿದರೆ ಒಂದು ಕಾಲು ಅಲ್ಲಾಡುತ್ತದೆ.

ಉತ್ತರ: ಸಿಕ್ಕಿತು. ಡಯೋಡೂ ಹೊಸದೇ ಹಾಕಿ, ಒಂದೆರಡು ರೂಪಾಯಿಯ ಮಾತು. ಬೆಳ್ಳಿಗೆರೆಯ ತುದಿ ಪ್ಲಸ್ ಕಡೆಗೆ.

ಇನ್ನೊಬ್ಬರ ಪ್ರಶ್ನೆ: ನನ್ನ ಮೀಟರಿನಲ್ಲಿ ಟ್ರಾನ್ಸಿಸ್ಟರ್ ಸಿಕ್ಕಿಸುವ ಸಾಕೆಟ್ ಇದೆ. ಗೇನ್ (ಬೇಸಿನ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಅಂಕಿ) 310 ಬಂದರೆ ಒಳ್ಳೆಯದೆಂದೇ ಅರ್ಥವಲ್ಲವೇ?

ಉತ್ತರ: ಅರ್ಧ ಮಾತ್ರ. ಆ ಸಾಕೆಟ್ ಬೇಸಿಗೆ ಸುಮಾರು 10 ಮೈಕ್ರೋ ಆಂಪಿಯರ್ ಕೊಟ್ಟು, 3 ವೋಲ್ಟಿನಲ್ಲಿ ಅಳೆಯುತ್ತದೆ. 40 ವೋಲ್ಟಿನಲ್ಲಿ ಅಥವಾ ಬಿಸಿಯಾದಾಗ ಸೋರುವ ಟ್ರಾನ್ಸಿಸ್ಟರ್ ಇಲ್ಲಿ ಸಲೀಸಾಗಿ ಪಾಸಾಗುತ್ತದೆ. ಒಂದೇ ಬಗೆಯ ಹತ್ತು ಟ್ರಾನ್ಸಿಸ್ಟರ್‌ಗಳಲ್ಲಿ ಜೋಡಿ ಆರಿಸಲು ಅದನ್ನು ಬಳಸಿ, ತೀರ್ಪು ಕೊಡಲು ಬೇಡ.

ಮತ್ತೊಬ್ಬರ ಪ್ರಶ್ನೆ: ನನ್ನ ಬಳಿ ಇರುವ ಟಿಪ್ 122 ಟ್ರಾನ್ಸಿಸ್ಟರಿನಲ್ಲಿ ಕೆಂಪು ಎಮಿಟರಿಗೆ, ಕಪ್ಪು ಕಲೆಕ್ಟರಿಗೆ ಇಟ್ಟರೆ 0.5 ಬರುತ್ತದೆ. ಹೊಸದು ತಂದರೂ ಹಾಗೆಯೇ. ಅಂಗಡಿಯವರು ನಕಲಿ ಕೊಟ್ಟರೇ?

ಉತ್ತರ: ಈ ರೀಡಿಂಗಿಗಾಗಿ ಅಂಗಡಿಯವರನ್ನು ಬೈಯಬೇಡಿ. 122 ಡಾರ್ಲಿಂಗ್ಟನ್, ಅಂದರೆ ಒಂದೇ ಕವಚದೊಳಗೆ ಜೋಡಿಸಿದ ಎರಡು ಟ್ರಾನ್ಸಿಸ್ಟರ್; ಕಲೆಕ್ಟರ್ ಎಮಿಟರ್ ನಡುವೆ ಒಳಗೇ ಒಂದು ಡಯೋಡ್ ಇದೆ, ನಿಮಗೆ ಕಂಡದ್ದು ಅದು. ಬೇಸ್ ಎಮಿಟರ್ ನಡುವೆಯೂ ಒಳಗಡೆ ರೆಸಿಸ್ಟರ್‌ಗಳಿವೆ, ಹಾಗಾಗಿ ಅಲ್ಲಿ ಮಾಮೂಲಿ ಲೆಕ್ಕ ಕೂಡುವುದಿಲ್ಲ. ಪ್ರೋಬ್ ತಿರುಗಿಸಿ, ಕೆಂಪನ್ನು ಕಲೆಕ್ಟರಿಗೆ ಇಡಿ. ಆಗಲೂ ರೀಡಿಂಗ್ ಬಂದರೆ ಎಸೆಯಿರಿ.