ಸಹಾಯ ಬೇಕು: ಹಳೇ ಟರ್ಬೊ ಕಾರು ತಗೊಳ್ಳಲಾ, ಬಿಡಲಾ?

ಎಲ್ಲರಿಗೂ ನಮಸ್ಕಾರ. 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ನ, 10 ವರ್ಷ ಹಳೇ ಕಾರೊಂದನ್ನು ನೋಡಿ ಬಂದಿದ್ದೇನೆ. ಓಡಿಸಿದ ಮೇಲೆ ಮನಸ್ಸು ಅಲ್ಲೇ ಉಳಿದಿದೆ.

ಆದರೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಒಂದೆರಡು ಸೆಕೆಂಡ್ ನೀಲಿ ಹೊಗೆ ಬಂತು. ಆಯಿಲ್ ಸುಡುತ್ತಿದೆ ಅಂತ ಅಲ್ವಾ? ವಾಲ್ವ್ ಸೀಲ್ ಆದರೆ ಹೇಗೋ ತಡೆದುಕೊಳ್ಳಬಹುದು. ಟರ್ಬೊ ಅಥವಾ ಪಿಸ್ಟನ್ ರಿಂಗ್ ಆದರೆ ಖರ್ಚು ತುಂಬಾ ಜಾಸ್ತಿ. ಕಂಪ್ರೆಶನ್ ಟೆಸ್ಟ್ (ಸಿಲಿಂಡರ್‌ನಲ್ಲಿ ಎಷ್ಟು ಒತ್ತಡ ಬರುತ್ತದೆ ಅಂತ ಅಳೆಯುವುದು) ಒಂದೇ ಸಾಕಾ, ಲೀಕ್‌ಡೌನ್ ಟೆಸ್ಟೂ (ಸಿಲಿಂಡರ್‌ಗೆ ಗಾಳಿ ತುಂಬಿ ಎಲ್ಲಿ, ಎಷ್ಟು ಸೋರುತ್ತದೆ ಅಂತ ನೋಡುವುದು) ಮಾಡಿಸಬೇಕಾ?

ಮುಂದಿನ ಟೈರ್‌ಗಳು ಹೊರಗಿನಿಂದ ಹೊಸದರ ಹಾಗಿವೆ. ಆದರೆ ಒಳಬದಿ ಪೂರ್ತಿ ಸವೆದಿದೆ, ಕೈ ಹಾಕಿದರೆ ಟೈರ್ ಒಳಗಿನ ತಂತಿ ಬೆರಳಿಗೆ ತಾಗುತ್ತದೆ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲ, ತಗೊಂಡರೆ ಅದನ್ನಂತೂ ಮೊದಲು ಮಾಡಿಸುತ್ತೇನೆ.

ಇಂಥ ಕಾರು ಇಟ್ಟುಕೊಂಡವರು ಮೊದಲ ವರ್ಷದ ರಿಪೇರಿಗೆ ಕಾರಿನ ಬೆಲೆಯಲ್ಲಿ ಎಷ್ಟು ಭಾಗ ಎತ್ತಿಟ್ಟಿದ್ದಿರಿ? ದಯವಿಟ್ಟು ಹೇಳಿ. ಓನರ್ ಭಾನುವಾರದವರೆಗೆ ಕಾಯುತ್ತೇನೆ ಅಂದಿದ್ದಾರೆ.